ದೋಸೆ ಹಿಟ್ಟಿನ ಫ್ರೆಂಚ್ ಕಾರು

ಹೋಟೆಲಿನವನ ಬಾಯಿಂದ ‘ಇಲ್ಲ’ ಎಂಬ ಮಾತು ಬರಬಾರದು. ಇಡ್ಲಿ ಮುಗಿದಿದ್ದರೆ ‘ಬರ್ತದೆ ಸಾರ್, ಕೂತ್ಕೊಳ್ಳಿ’ ಅನ್ನಬೇಕು. ಕೂತವನಿಗೆ ನೀರು ಕೊಡಬೇಕು. ನೀರು ಕುಡಿದವನಿಗೆ ಎದ್ದುಹೋಗಲು ಸಂಕೋಚವಾಗುತ್ತದೆ. ಆ ಹೊತ್ತಿಗೆ ಸರಿಯಾಗಿ ಒಂದು ಕಾಫಿ ತಂದಿಟ್ಟರೆ ಅವನು ಇಡ್ಲಿಯನ್ನೇ ಮರೆತುಬಿಡುತ್ತಾನೆ. ಚೆನ್ನೈಯ ಉಡುಪಿ ಹೋಟೆಲುಗಳೆಲ್ಲ ಈ ಒಂದು ಸೂತ್ರದ ಮೇಲೆ ನಿಂತಿವೆ ಎಂದು ವೆಸ್ಟ್ ಮಾಂಬಲಂ ಗೋಪಾಲಕೃಷ್ಣ ವಿಲಾಸದ ಸ್ಥಾಪಕರಾದ ಸೀತಾರಾಮ ಕೆದಿಲಾಯರು ನಂಬಿದ್ದರು.

ಕಾಪು ಕಡೆಯಿಂದ ಬಂದು ಅವರಲ್ಲಿ ಸಪ್ಲೈಯರ್ ಆಗಿ ಸೇರಿದ ಬಾಬು ಈ ಸೂತ್ರವನ್ನು ಪಾಲಿಸಿದಷ್ಟು ನಿಷ್ಠೆಯಿಂದ ಇನ್ಯಾರೂ ಪಾಲಿಸಲಿಲ್ಲ. ಒಂದು ದಿನ ಕೆದಿಲಾಯರು, “ನನ್ನ ಮಗಳು ಸರಸನ್ನ ಮದುವೆ ಆಗ್ತೀಯಾ?” ಎಂದು ಕೇಳಿದಾಗಲೂ ಅವನು ಮೇಜು ಒರೆಸುತ್ತಲೇ, “ಬಂತು ಧಣಿ, ಒಂದೇ ನಿಮಿಷ” ಎಂದಿದ್ದ. ಹಾಗೆ ಅವನಿಗೆ ಹೆಂಡತಿ ಬಂದಳು, ಮಾವನ ಕಾಲಾನಂತರ ಗಲ್ಲಾದ ಕುರ್ಚಿಯೂ ಬಂತು. ಕುರ್ಚಿಯ ಮೇಲ್ಗಡೆ ಗಂಧದ ಹಾರ ಹಾಕಿದ ಮಾವನ ಫೋಟೋ. ಅದರ ಕಣ್ಣು ಯಾವಾಗಲೂ ತನ್ನ ನೆತ್ತಿಯ ಮೇಲೆಯೇ ಇದೆ ಎಂಬ ಭಯದಲ್ಲಿ ಬಾಬುವಿನ ನೆತ್ತಿ ಬೇಗ ಬೋಳಾಯಿತು.

ಮಾವನ ಇನ್ನೊಂದು ಕಾನೂನು ಗಲ್ಲಾದ ಹಿಂದಿನ ಕಪಾಟಿನಲ್ಲಿತ್ತು. ಗಿರಾಕಿಗಳು ಮರೆತುಹೋದ ಸಾಮಾನೆಲ್ಲ ಅಲ್ಲಿ. ಕೊಡೆಗಳು, ಕನ್ನಡಕಗಳು, ಒಂದು ಹಲ್ಲಿನ ಸೆಟ್ಟು. ಅದನ್ನು ಯಾರೂ ಬಳಸಬಾರದು, ಮಾರಬಾರದು, ಬಿಸಾಡಬಾರದು. ಕೊಡೆ ಕೇಳಿಕೊಂಡು ಬಂದವನಿಗೆ ಕೊಡೆಯ ಬಣ್ಣ ಏನು ಎಂದು ಕೇಳುವಂತಿಲ್ಲ. ಆ ದಿನ ಏನು ತಿಂದಿರಿ ಎಂದು ಕೇಳಬೇಕು. ಮನುಷ್ಯ ಕೊಡೆಯ ಬಣ್ಣವನ್ನು ಮರೆತಾನು, ತಿಂದದ್ದನ್ನು ಮರೆಯುವುದಿಲ್ಲ ಎಂಬುದು ಕೆದಿಲಾಯರು ಜೀವಮಾನವಿಡೀ ಗಲ್ಲಾದ ಮೇಲೆ ಕೂತು ಕಂಡುಕೊಂಡ ಸತ್ಯ.

ಇನ್ನು ಕಾರು. ಹೋಟೆಲಿನ ಹಿತ್ತಲಲ್ಲಿ, ಕೈತೊಳೆಯುವ ನಲ್ಲಿಯಿಂದಾಚೆ, ತಗಡಿನ ಶೆಡ್ಡಿನಲ್ಲಿ ಅದು ನಿಂತಿತ್ತು. ಉದ್ದ ಮೂತಿ, ಉಬ್ಬಿದ ಹಿಂಭಾಗ, ಮಡಚುವ ಬಟ್ಟೆಯ ಮಾಡು. ಬಾಬು ಬಂದಾಗಿನಿಂದಲೂ ಅಲ್ಲೇ ಇತ್ತು. ಪ್ರತಿ ಆಯುಧಪೂಜೆಗೆ ಮಾವ ಅದಕ್ಕೆ ಗಂಧ ಹಚ್ಚಿ, ನಿಂಬೆಹಣ್ಣು ಇಟ್ಟು, ಗಲ್ಲಿಯ ಕಡೆ ಒಮ್ಮೆ ನೋಡಿ, “ಬರ್ತಾರೆ” ಎನ್ನುತ್ತಿದ್ದರು. ಯಾರು ಬರ್ತಾರೆ ಎಂದು ಬಾಬು ಕೇಳಲಿಲ್ಲ. ‘ಬರ್ತದೆ’ ಎನ್ನುವವರನ್ನು ಏನು ಬರ್ತದೆ ಎಂದು ಕೇಳುವುದು ಹೋಟೆಲಿನಲ್ಲಿ ರೂಢಿಯಿಲ್ಲ.

ಮಾವ ಹೋದಮೇಲೆ ಬಾಬು ಒಂದು ಸಣ್ಣ ತಪ್ಪು ಮಾಡಿದ. ಅಡುಗೆಮನೆಯಲ್ಲಿ ಜಾಗವಿಲ್ಲವೆಂದು ದೋಸೆ ಹಿಟ್ಟಿನ ದೊಡ್ಡ ಪಾತ್ರೆಯನ್ನು ರಾತ್ರಿ ಕಾರಿನ ಹಿಂದಿನ ಸೀಟಿನಲ್ಲಿ ಇಡಿಸತೊಡಗಿದ. ಇಲಿ ಹತ್ತುವುದಿಲ್ಲ, ಹಿಟ್ಟು ಹದವಾಗಿ ಉಬ್ಬುತ್ತದೆ. ಗೋಪಾಲಕೃಷ್ಣ ವಿಲಾಸದ ದೋಸೆಯ ರುಚಿ ಆಮೇಲೆ ಯಾಕೆ ಅಷ್ಟು ಏರಿತು ಎಂಬುದು ಮಾಂಬಲಂನಲ್ಲಿ ಯಾರಿಗೂ ತಿಳಿದಿರಲಿಲ್ಲ. ಆಹಾರ ಇಲಾಖೆಯ ಇನ್‌ಸ್ಪೆಕ್ಟರಿಗಂತೂ ತಿಳಿಯಲೇಬಾರದು ಎಂದು ಬಾಬು ದಿನಾ ಗೋಪಾಲಕೃಷ್ಣನಿಗೆ ಕೈಮುಗಿಯುತ್ತಿದ್ದ.

ಅಂಥಾ ಬಾಬುವಿನ ನೆಮ್ಮದಿಗೆ ಕಲ್ಲು ಬಿದ್ದದ್ದು ಒಂದು ಭಾನುವಾರ. ಮೈಲಾಪುರದಲ್ಲಿ ಮನೆ ಮಾಡಿಕೊಂಡಿದ್ದ ಮೈಸೂರಿನ ಇಂಜಿನಿಯರ್ ಸತ್ಯಾತ್ಮ ಎಂಬವರು ದೋಸೆ ತಿಂದು, ಕೈತೊಳೆಯಲು ಹಿತ್ತಲಿಗೆ ಹೋಗಿ, ಒದ್ದೆ ಕೈಯಲ್ಲೇ ಓಡಿಬಂದರು. ಅವರು ಹಳೇ ಕಾರುಗಳ ಅಭಿಮಾನಿಗಳ ಸಂಘವೊಂದರ ಕಾರ್ಯದರ್ಶಿ.

“ಸ್ವಾಮೀ, ಅದು ಯಾರ ಕಾರು?”

“ನಮ್ಮದೇ ಸಾರ್,” ಎಂದ ಬಾಬು ಚಿಲ್ಲರೆ ಕೊಡುತ್ತಾ.

“ಅದೇನು ಅಂತ ಗೊತ್ತೇನ್ರೀ ನಿಮಗೆ? ಫ್ರೆಂಚ್ ಕನ್ವರ್ಟಿಬಲ್ ಕಣ್ರೀ! ಇಡೀ ಪ್ರಪಂಚದಲ್ಲಿ ಬೆರಳೆಣಿಕೆಯಷ್ಟು ಉಳಿದಿರೋದು!” ಎಂದು ಸತ್ಯಾತ್ಮ ಕಂಪನಿಯ ಹೆಸರು ಹೇಳಿದರು. ಅವರು ಹೇಳಿದಾಗ ಅದು ಮೂಗಿನಿಂದ ಬಂತು. ಬಾಬು ಅದನ್ನೇ ಹೇಳಲು ಹೋದಾಗ ನೆಗಡಿಯಾದಂತೆ ಕೇಳಿಸಿತು.

“ಇದರ ಇತಿಹಾಸ ಏನಾದ್ರೂ ಇದ್ಯಾ?”

“ಉಂಟು ಸಾರ್, ಬರ್ತದೆ. ಕೂತ್ಕೊಳ್ಳಿ,” ಎಂದಿತು ಬಾಬುವಿನ ಬಾಯಿ. ತಲೆ ಆಮೇಲೆ ಬೆಚ್ಚಿಬಿತ್ತು.

ಸತ್ಯಾತ್ಮ ಕೂತರು. ನೀರು ಬಂತು, ಕುಡಿದರು. ಕಾಫಿ ಬಂತು, ಅದನ್ನೂ ಕುಡಿದರು. ಕುಡಿದು, ಯಾವ ಗಿರಾಕಿಯೂ ಮಾಡದ ಕೆಲಸ ಮಾಡಿದರು. “ಹ್ಞೂಂ, ಇತಿಹಾಸ?” ಎಂದು ಮತ್ತೆ ಕೇಳಿದರು.

ಬಾಬು ಗಲ್ಲಾದ ಚಿಲ್ಲರೆಯನ್ನು ಇನ್ನೊಮ್ಮೆ ಎಣಿಸಿದ. ಫ್ರೆಂಚ್ ಎಂದರೆ ಪಾಂಡಿಚೇರಿ ಎಂಬುದೊಂದು ಗೊತ್ತಿತ್ತು. “ಪಾಂಡಿಚೇರಿಯ ಗವರ್ನರು ನಮ್ಮ ಮಾವನಿಗೆ ಕೊಟ್ಟದ್ದು ಸಾರ್. ಮಾವನ ಸಾಂಬಾರು ಅಂದ್ರೆ ಅವರಿಗೆ ಪ್ರಾಣ,” ಎಂದ. ಎದುರಿಗಿದ್ದವನ ಮುಖ ಅರಳಿದ ರೀತಿ ನೋಡಿ ಅವನಿಗೆ ತಾನು ಸಪ್ಲೈಯರ್ ಅಲ್ಲ, ಗವರ್ನರನ ಸ್ನೇಹಿತನ ಅಳಿಯ ಎಂದು ಒಂದು ಕ್ಷಣ ಅನ್ನಿಸಿತು. ಆ ಒಂದು ಕ್ಷಣದ ಸುಖಕ್ಕೆ ಮುಂದೆ ಅವನು ಕಟ್ಟಿದ ದಂಡ ಅಷ್ಟಿಷ್ಟಲ್ಲ.

ಸತ್ಯಾತ್ಮ ಮತ್ತೆ ಹಿತ್ತಲಿಗೆ ಹೋಗಿ ಕಾರಿನ ಬಾಗಿಲು ತೆರೆದು ತಲೆ ಒಳಗಿಟ್ಟರು. ಹಿಟ್ಟಿನ ಪಾತ್ರೆಯನ್ನು ಬೆಳಿಗ್ಗೆಯೇ ತೆಗೆದಿದ್ದರು. ವಾಸನೆಯನ್ನು ತೆಗೆಯುವುದು ಯಾರಿಂದ ಸಾಧ್ಯ?

“ಏನೋ ಹುಳಿ ಹುಳಿ ವಾಸ್ನೆ ಬರ್ತಿದೆಯಲ್ರೀ. ಏನದು?”

ಬಾಬುವಿನ ಕಣ್ಣ ಮುಂದೆ ಆಹಾರ ಇಲಾಖೆಯ ಇನ್‌ಸ್ಪೆಕ್ಟರು ಸಾಕ್ಷಾತ್ ಬಂದು ನಿಂತರು.

“ವೈನ್ ಸಾರ್. ಫ್ರೆಂಚ್ ವೈನ್. ಗವರ್ನರದ್ದು.”

ಸತ್ಯಾತ್ಮ ಕಣ್ಣುಮುಚ್ಚಿ ಇನ್ನೊಮ್ಮೆ ಉಸಿರೆಳೆದುಕೊಂಡು, “ಆಹಾ! ಇಷ್ಟು ವರ್ಷ ಆದ್ರೂ!” ಎಂದರು.

ಕಾರಿಗೆ ಬೆಲೆ ಲಕ್ಷ, ಅದರ ಇತಿಹಾಸಕ್ಕೆ ಬೆಲೆ ಕೋಟಿ ಎಂಬುದನ್ನು ಸತ್ಯಾತ್ಮ ಮುಂದಿನ ವಾರ ಸಂಘದ ಸದಸ್ಯರ ಸಮೇತ ಬಂದು ವಿವರಿಸಿದರು. ಇತಿಹಾಸ ಎಷ್ಟು ದಪ್ಪವೋ ಬೆಲೆ ಅಷ್ಟು ಜಾಸ್ತಿ. ಸದಸ್ಯರು ಒಬ್ಬೊಬ್ಬರಾಗಿ ಪ್ರಶ್ನೆ ಕೇಳಿದರು. ಗವರ್ನರನ ಹೆಂಡತಿ ಇದರಲ್ಲಿ ಕೂತಿದ್ದಳೇ? ಉಂಟು. ಯುದ್ಧದ ಕಾಲದಲ್ಲಿ ಇದನ್ನು ಹುಲ್ಲಿನಲ್ಲಿ ಬಚ್ಚಿಟ್ಟಿದ್ದರೇ? ಉಂಟು. ನಿಮ್ಮ ಮಾವ ಶನಿವಾರ ಶನಿವಾರ ಈ ಕಾರಿನಲ್ಲೇ ಹೋಗಿ ಗವರ್ನರನ ಜೊತೆ ಕೂತು ವೈನಿನ ರುಚಿ ನೋಡುತ್ತಿದ್ದರೇ?

ಒಳಗೆ ಪಾಯಸ ತಳ ಹಿಡಿಯುತ್ತಿರುವ ವಾಸನೆ ಬರುತ್ತಿತ್ತು. ಬಾಬುವಿನ ಗಮನ ಅತ್ತ ಇತ್ತು. “ಉಂಟು, ಉಂಟು, ಬರ್ತದೆ,” ಎಂದು ಹೇಳಿ ಓಡಿದ.

ಮೂರನೆಯ ದಿನ ಪೇಪರಿನಲ್ಲಿ ಬಂತು. ಕಾರಿನ ಫೋಟೋ, ಪಕ್ಕದಲ್ಲಿ ಮಾವನ ಗಂಧದ ಹಾರದ ಫೋಟೋ, ಮೇಲೆ ‘ಮಾಂಬಲಂ ಹೋಟೆಲ್ ಸ್ಥಾಪಕರ ಶನಿವಾರದ ವೈನ್ ಯಾತ್ರೆ’ ಎಂಬ ದಪ್ಪಕ್ಷರ.

ಮೊದಲು ಸ್ಫೋಟಿಸಿದವರು ವೈದ್ಯನಾಥನ್ ಮಾಮ. ರೈಲ್ವೆಯಿಂದ ನಿವೃತ್ತರಾದ ಅವರು ಬೆಳಗಿನ ವಾಕಿಂಗ್ ಮುಗಿಸಿ ದಿನಾ ಇಲ್ಲಿಯೇ ತಿಂಡಿ ತಿನ್ನುವವರು, ಹೋಟೆಲಿನ ಹುಡುಗರ ಜೊತೆ ಬೆರೆತು ಅರ್ಧ ಕನ್ನಡ ಕಲಿತವರು. ಪೇಪರನ್ನು ಸಾಂಬಾರಿನ ಬಟ್ಟಲಿನ ಮೇಲೆ ಮುಚ್ಚಿ ಎದ್ದು ನಿಂತರು.

“ಎನ್ನ ಬಾಬು ಇದು? ಇಷ್ಟು ವರುಷ ನಾನು ಕುಡಿದದ್ದು ರಸಮಾ, ವೈನಾ?”

“ರಸಮೇ ಮಾಮ, ಸತ್ಯವಾಗಿಯೂ ರಸಮೇ!”

“ಅಪ್ಪಡಿಯಾ? ಹಾಗಾದ್ರೆ ಗುರುವಾರ ನಿನ್ನ ರಸಂ ಕುಡಿದಮೇಲೆ ನನಗೆ ನಿದ್ದೆ ಯಾಕೆ ಬಂತು? ಸೊಲ್ಲು!”

ಊಟವಾದಮೇಲೆ ನಿದ್ದೆ ಬರುವುದು ಸಹಜ ಎಂದು ಬಾಬು ವಾದಿಸಿದ. ಅಕ್ಕಪಕ್ಕದ ಮೇಜಿನವರಿಗೂ ತಮಗೆ ನಿದ್ದೆ ಬಂದ ಗುರುವಾರಗಳು ಒಂದೊಂದಾಗಿ ನೆನಪಾದವು. ಇಬ್ಬರು ಮಾಮಿಯರು ವ್ರತದ ದಿನ ಇಲ್ಲಿ ತಿಂದದ್ದಕ್ಕೆ ಪ್ರಾಯಶ್ಚಿತ್ತ ಏನೆಂದು ಕೇಳಲು ದೇವಸ್ಥಾನಕ್ಕೆ ಹೊರಟೇಹೋದರು.

ಮಧ್ಯಾಹ್ನ ಭಾವಮೈದ ಜಯರಾಮ ಮಾಧವರಂನಿಂದ ಬಂದ. ಅಲ್ಲಿಯ ಬಸ್ ನಿಲ್ದಾಣದ ಎದುರು ಅವನದೂ ಒಂದು ಹೋಟೆಲಿತ್ತು.

“ಭಾವ, ಅಪ್ಪನ ಕಾರು ಅಂದ್ಮೇಲೆ ಅರ್ಧ ನನ್ನದು. ಅಪ್ಪ ಕುಡಿದದ್ದು ಮಾತ್ರ ಪೂರ್ತಿ ನಿಮ್ಮದು. ಅದನ್ನು ನೀವು ಹೇಳಿದ್ದು, ನೀವೇ ಇಟ್ಕೊಳ್ಳಿ.”

ಸಾಯಂಕಾಲ ಪೊಲೀಸಿನವರು ಬಂದರು. ಪಾಂಡಿಚೇರಿಯಿಂದ ಮದ್ಯದ ಸರಕು ಕದ್ದು ಬರುತ್ತಿರುವ ಬಗ್ಗೆ ಯಾರೋ ಫೋನ್ ಮಾಡಿದ್ದರು. ದಪ್ಪ ಮೀಸೆಯ ಸಬ್ ಇನ್‌ಸ್ಪೆಕ್ಟರು ಗಲ್ಲಾದ ಮುಂದೆ ಬಗ್ಗಿ, ದನಿ ತಗ್ಗಿಸಿ, “ಪಾಂಡಿ ಸರಕ್ಕು ಇರುಕ್ಕಾ?” ಎಂದು ಕೇಳಿದರು.

“ಉಂಟು ಸಾರ್, ಬರ್ತದೆ, ಕೂತ್ಕೊಳ್ಳಿ!” ಎಂದ ಬಾಬು.

ಹೇಳಿದಮೇಲೆ ತನ್ನ ಬಾಯಿಯನ್ನು ತಾನೇ ಎರಡೂ ಕೈಯಲ್ಲಿ ಮುಚ್ಚಿಕೊಂಡ. ಇನ್‌ಸ್ಪೆಕ್ಟರು ಕೂರಲಿಲ್ಲ. ಅಡುಗೆಮನೆಯನ್ನು ಅಡಿಮೇಲು ಮಾಡಿಸಿದರು. ಹುಣಸೆ ರಸದ ಪಾತ್ರೆ, ಬೆಲ್ಲದ ಪಾಕ, ಮಜ್ಜಿಗೆ, ಎಲ್ಲವನ್ನೂ ಮೂಸಿ ನೋಡಿದರು. ಏನೂ ಸಿಗದೆ ಕೋಪ ಬಂದು, ಆ ಕೋಪದಲ್ಲೇ ಎರಡು ರವೆ ದೋಸೆ ತಿಂದು, ಕಾರನ್ನು ಹೇಳದೆ ಕೇಳದೆ ಅಲ್ಲಾಡಿಸಬಾರದೆಂದು ಎಚ್ಚರಿಸಿ ಹೋದರು.

ಇದೆಲ್ಲವನ್ನೂ ಬಾಬು ತಡೆದುಕೊಳ್ಳುತ್ತಿದ್ದ. ತಡೆಯಲಾಗದ್ದು ನಡೆದದ್ದು ಆಮೇಲೆ. ಸರಸ ಒಳಗಿನಿಂದ ಸ್ಟೂಲು ತಂದಳು. ಅದರ ಮೇಲೆ ಹತ್ತಿ ಅಪ್ಪನ ಫೋಟೋವನ್ನು ಮೊಳೆಯಿಂದ ಬಿಡಿಸಿ, ಸೆರಗಿನಲ್ಲಿ ಒರೆಸಿ, ಎದೆಗೊತ್ತಿಕೊಂಡು ಇಳಿದಳು.

“ಎಂತ ಮಾಡೂದು ಸರಸ?”

“ನನ್ನಪ್ಪ ಏಕಾದಶಿಗೆ ನೀರು ಸಹ ಕುಡೀತಿರ್ಲಿಲ್ಲ. ಅವರು ಇನ್ನು ಇಲ್ಲಿ ಕೂತು ಇದನ್ನೆಲ್ಲ ಕೇಳೂದು ಬೇಡ,” ಎಂದು ಮಹಡಿಗೆ ಹೊರಟುಹೋದಳು.

ಅವತ್ತಿನಿಂದ ಅವಳು ಅವನ ಜೊತೆ ಮಾತು ಬಿಟ್ಟಳು. ಅವನ ಊಟದ ತಟ್ಟೆ ಸಪ್ಲೈಯರುಗಳ ಮೇಜಿಗೆ ಬರತೊಡಗಿತು. ಇಷ್ಟು ವರ್ಷ ಯಾವ ಕಣ್ಣಿಗೆ ಹೆದರುತ್ತಿದ್ದನೋ ಆ ಕಣ್ಣು ಗೋಡೆಯ ಮೇಲಿರಲಿಲ್ಲ. ಬರೀ ಮೊಳೆಯಿತ್ತು. ಬಾಬುವಿಗೆ ಅದು ಇನ್ನೂ ಹೆಚ್ಚು ನೋಡುತ್ತಿದೆ ಎನ್ನಿಸಿ ದುಃಖ ಒತ್ತರಿಸಿಕೊಂಡು ಬಂತು. ಊರು ಬಿಟ್ಟು ಬಂದ ತನಗೆ ಮನುಷ್ಯರ ಸಾಲಿನಲ್ಲಿ ಜಾಗ ಕೊಟ್ಟವರನ್ನು ತಾನು ಊರಿಗೆಲ್ಲ ಕುಡುಕರನ್ನಾಗಿ ಮಾಡಿಬಿಟ್ಟೆನಲ್ಲ!

ಅತ್ತ ಸತ್ಯಾತ್ಮ ಸಂಭ್ರಮದಲ್ಲಿ ಫೋನ್ ಮಾಡಿದರು. “ಬಾಬು ಅವರೇ, ಭಾನುವಾರ ಮುಂಬೈಯಿಂದ ಬೆಲೆ ಕಟ್ಟೋರು ಬರ್ತಿದಾರೆ. ದೊಡ್ಡ ತಜ್ಞರು. ಗವರ್ನರ್ ಕಾರು ಕೊಟ್ಟ ದಿನ ಏನಾಯ್ತು ಅಂತ ಇನ್ನೊಂಚೂರು ವಿವರ ಬೇಕಲ್ಲ, ಇದ್ಯಾ?”

ಉಂಟು ಎಂದಾಗಿತ್ತು. ಶನಿವಾರ ಊಟದ ಗದ್ದಲ ಮುಗಿದಮೇಲೆ ಬಾಬು ಮಹಡಿ ಹತ್ತಿ ಅತ್ತೆ ಅಕ್ಕಮ್ಮನ ಹತ್ತಿರ ಹೋದ. ಎಲ್ಲರೂ ಅವರನ್ನು ಅಕ್ಕು ಎನ್ನುತ್ತಿದ್ದರು. ವಯಸ್ಸು ತೊಂಬತ್ತರ ಹತ್ತಿರ. ಮಂಚದ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಮಾವನ ಫೋಟೋ ಪಕ್ಕದಲ್ಲಿಯೇ ಇತ್ತು. ಸರಸ ಕಿಟಕಿಯ ಹತ್ತಿರ ಬೆನ್ನು ತಿರುಗಿಸಿ ಕೂತಿದ್ದಳು.

“ಅತ್ತೆ, ಆ ಕಾರಿನದ್ದು ಎಂತಾದ್ರೂ ಕಥೆ ಉಂಟಾ?”

“ಇಷ್ಟು ವರ್ಷಕ್ಕೆ ಈಗ ಕೇಳ್ತಿಯಲ್ಲ ಮಾರಾಯ,” ಎಂದರು ಅಕ್ಕು. “ಸರಸ ಆಗ ತೊಟ್ಟಿಲಲ್ಲಿ. ಎಮರ್ಜೆನ್ಸಿ ಕಾಲ. ಸೂಟು ಹಾಕಿದ ಒಬ್ರು ಆ ಕಾರು ನಮ್ಮ ಗಲ್ಲಿಯಲ್ಲಿ ಕೆಟ್ಟು ನಿಂತಿತು ಅಂತ ಒಳಗೆ ಬಂದು ಕೂತ್ರು. ಆಮ್ಲೆಟ್ ಉಂಟಾ ಅಂತ ಕೇಳಿದ್ರು.”

“ಆಮ್ಲೆಟ್ಟಾ? ನಮ್ಮಲ್ಲಾ?” ಬಾಬು ಕಿವಿ ಮುಚ್ಚಿಕೊಂಡ.

“ಹೌದು. ನಿನ್ನ ಮಾವನಿಗೆ ಇಲ್ಲ ಅನ್ಲಿಕ್ಕೆ ಬಾಯಿ ಬರ್ಬೇಕಲ್ಲ! ‘ಬರ್ತದೆ ಸಾರ್, ಕೂತ್ಕೊಳ್ಳಿ’ ಅಂದ್ರು. ಒಳಗೆ ಬಂದು ನನ್ನ ಹತ್ರ ಎಂತ ಮಾಡೂದು ಅಕ್ಕು ಅಂತ ಬೆವರ್ತಾ ನಿಂತ್ರು. ಕಡಲೆಹಿಟ್ಟು ಕಲಸಿ, ಟೊಮೆಟೊ ನೀರುಳ್ಳಿ ಹಾಕಿ ಹುಯ್ದು ಕೊಡುವ ಅಂದೆ. ಅಷ್ಟರಲ್ಲಿ ಅವರು ಗಡಿಯಾರ ನೋಡಿ, ರೈಲಿಗೆ ಹೊತ್ತಾಯ್ತು, ಕಾರು ನೋಡಿಕೊಂಡಿರಿ, ರಿಪೇರಿಯವನನ್ನು ಕರ್ಕೊಂಡು ಬರ್ತೇನೆ ಅಂತ ಓಡಿದ್ರು. ಬರ್ಲೇ ಇಲ್ಲ. ಪೊಲೀಸ್ ಸ್ಟೇಷನ್ನಿಗೆ ಹೇಳಿದ್ದಾಯ್ತು. ನೀವೇ ಇಟ್ಕೊಳ್ಳಿ, ಬಂದ್ರೆ ಕಳಿಸ್ತೇವೆ ಅಂದ್ರು. ಗಿರಾಕಿ ಹಸಿದು ಹೋದ, ಕಾರಾದ್ರೂ ಜೋಪಾನ ಇರ್ಲಿ ಅಂತ ಇವರು ಶೆಡ್ಡಿಗೆ ತಳ್ಳಿಸಿದ್ರು. ಸಾಯುವ ವರೆಗೂ ದಾರಿ ನೋಡಿದ್ರು.”

ಬಾಬು ಮಂಚದ ಕಾಲಿನ ಹತ್ತಿರ ಕುಸಿದು ಕೂತ. ಕಾರು ಮಾವನದಲ್ಲ, ಗಿರಾಕಿಯದು. ಕಪಾಟಿನಲ್ಲಿ ಹಿಡಿಸದ ಒಂದು ಕೊಡೆ. ಆ ಕೊಡೆಯೊಳಗೆ ತಾನು ಹಿಟ್ಟು ಇಟ್ಟೆ, ವೈನ್ ಎಂದೆ, ನಾಳೆ ಬೆಲೆ ಕಟ್ಟಿಸಲು ಹೊರಟಿದ್ದೇನೆ. ಸರಸ ಕಿಟಕಿಯಿಂದ ಇತ್ತ ತಿರುಗಿ ಅವನನ್ನು ನೋಡಿದಳು.

ಭಾನುವಾರ ಹಿತ್ತಲು ತುಂಬಿತ್ತು. ಸಂಘದವರು, ಪೇಪರಿನವರು, ಮೀಸೆಯ ಇನ್‌ಸ್ಪೆಕ್ಟರು, ಅರ್ಧ ಪಾಲಿನ ಜಯರಾಮ, ಮುನಿಸು ಬಿಡದಿದ್ದರೂ ತಮಾಷೆ ತಪ್ಪಿಸಿಕೊಳ್ಳಲಾಗದ ವೈದ್ಯನಾಥನ್ ಮಾಮ. ಮುಂಬೈಯ ತಜ್ಞರು ಭೂತಗನ್ನಡಿ ಹಿಡಿದು ಕಾರಿನ ಸುತ್ತ ಪ್ರದಕ್ಷಿಣೆ ಬಂದರು. ಕೊನೆಗೆ ಸತ್ಯಾತ್ಮ ಮುಂದೆ ಬಂದು, “ಈಗ ಬಾಬು ಅವರು ಗವರ್ನರ್ ಕಥೆ ಹೇಳ್ತಾರೆ. ಕಥೆ ಇದೆ ತಾನೆ ಸಾರ್?” ಎಂದರು.

ಬಾಬು ಎದ್ದು ನಿಂತ. ‘ಇಲ್ಲ’ ಎನ್ನಬೇಕು. ಎರಡೇ ಅಕ್ಷರ. ಆದರೆ ಜೀವಮಾನದಲ್ಲಿ ಅಭ್ಯಾಸವಿಲ್ಲದ ಕೆಲಸ.

“ಇ...” ಎಂದ. ಎಲ್ಲರೂ ಮುಂದೆ ಬಗ್ಗಿದರು. “ಇ... ಇ... ಇಡ್ಲಿ.”

“ಇಡ್ಲಿಯಾ?” ತಜ್ಞರು ಗಾಬರಿಯಾಗಿ ಭೂತಗನ್ನಡಿ ಇಳಿಸಿದರು.

ಬಾಬು ಕಣ್ಣುಮುಚ್ಚಿ, ಮಾವನನ್ನು ನೆನೆದು, ಮುಷ್ಟಿ ಬಿಗಿಹಿಡಿದು ಕೂಗಿದ: “ಇಲ್ಲ! ಗವರ್ನರು ಇಲ್ಲ! ವೈನ್ ಇಲ್ಲ! ನಮ್ಮ ಮಾವ ಕುಡಿದದ್ದು ಇಲ್ಲ! ಆ ವಾಸನೆ ದೋಸೆ ಹಿಟ್ಟಿನದ್ದು! ಕಾರು ನಮ್ಮದೂ ಅಲ್ಲ, ಗಿರಾಕಿ ಮರೆತುಹೋದದ್ದು!”

ಒಮ್ಮೆ ಬಾಯಿ ತೆರೆದಮೇಲೆ ಇಲ್ಲಗಳು ನಿಲ್ಲಲೇ ಇಲ್ಲ. ಎಲ್ಲವನ್ನೂ ಹೇಳಿದ. ಗಿರಾಕಿ ಕೇಳಿದ ತಿಂಡಿ ಯಾವುದೆಂದು ಮಾತ್ರ ಹೇಳಲಿಲ್ಲ, ಏಕೆಂದರೆ ಅದು ಕೊಡೆಯ ಕಾನೂನು. ಕೊನೆಗೆ ಸುಸ್ತಾಗಿ ಖಾಲಿ ಹಿಟ್ಟಿನ ಪಾತ್ರೆಯ ಮೇಲೆ ಕೂತು, ಎಲ್ಲರೂ ಕಲ್ಲು ಹೊಡೆಯುವುದನ್ನು ಕಾದ.

ಸತ್ಯಾತ್ಮ ಕಣ್ಣೊರೆಸಿಕೊಂಡರು. ತಜ್ಞರು ಅವರ ಕಿವಿಯಲ್ಲಿ ಏನೋ ಹೇಳಿದರು. ಸತ್ಯಾತ್ಮ ಚೀರಿದರು: “ಬಾಬು ಅವರೇ! ಗವರ್ನರ್ ಕಥೆ ಎಲ್ಲರ ಹತ್ರನೂ ಇರತ್ತೆ ಕಣ್ರೀ. ಇಂಥಾ ಇತಿಹಾಸ ಯಾವ ಕಾರಿಗಿದೆ? ಬೆಲೆ ಎರಡು ಪಟ್ಟು ಆಯ್ತು!”

ಬಾಬುವಿಗೆ ತಲೆ ತಿರುಗಿತು. ಸುಳ್ಳು ಹೇಳಿದರೂ ಬೆಲೆ ಏರುತ್ತದೆ, ನಿಜ ಹೇಳಿದರೂ ಏರುತ್ತದೆ. ಈ ಕಾರಿನ ಬೆಲೆ ಇಳಿಸುವ ಉಪಾಯ ಯಾವ ದೇವರಿಗೆ ಗೊತ್ತು? ಜಯರಾಮ ಹತ್ತಿರ ಬಂದು ಅವನ ಭುಜ ಹಿಡಿದ. “ಗಿರಾಕಿ ಸಾಮಾನಾದ್ರೆ ನನಗೆ ಅರ್ಧ ಬೇಡ ಭಾವ. ಅಪ್ಪನ ಕಣ್ಣಿಗೆ ನಾನೂ ಹೆದರ್ತೇನೆ.” ಆಹಾರ ಇಲಾಖೆಗೆ ಯಾರಾದರೂ ಹೇಳುವರೇ ಎಂದು ಬಾಬು ಸುತ್ತ ನೋಡಿದ. ಮೀಸೆಯ ಇನ್‌ಸ್ಪೆಕ್ಟರು ಆಕಾಶ ನೋಡುತ್ತಿದ್ದರು. ಅವರು ಬೆಳಿಗ್ಗೆಯಿಂದ ನಾಲ್ಕು ದೋಸೆ ತಿಂದಿದ್ದರು.

ಆ ಸಂಜೆ ಸರಸ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು. “ಸಾಮಾನು ಗಿರಾಕಿಗೆ ಮುಟ್ಲಿ. ಫೋಟೋದ್ದು ಮತ್ತೆ ನೋಡುವ.”

ಮುಟ್ಟಿಸುವುದು ಯಾರಿಗೆ? ಪೇಪರಿನಲ್ಲಿ ಹೊಸ ಕಥೆ ಬಂದ ಮರುದಿನದಿಂದ ಗೋಪಾಲಕೃಷ್ಣ ವಿಲಾಸದ ಮುಂದೆ ಮುದುಕರ ಸಾಲು. ಎಲ್ಲರೂ ಕಾರು ಮರೆತುಹೋದವರೇ. ಮೈಲಾಪುರದ ಒಬ್ಬರು ಸೆಖೆಯಲ್ಲೂ ಉಣ್ಣೆಯ ಫ್ರೆಂಚ್ ಟೋಪಿ ಹಾಕಿಕೊಂಡು ಬಂದರು. ಇನ್ನೊಬ್ಬರು ಒಂದು ಕೀಲಿಕೈ ತಂದರು. ಅದು ಗೋದ್ರೇಜ್ ಬೀರುವಿನದು. ಬಾಬು ಒಬ್ಬೊಬ್ಬರನ್ನೂ ಕೂರಿಸಿ ಒಂದೇ ಪ್ರಶ್ನೆ ಕೇಳಿದ. “ಆ ದಿನ ಎಂತ ಕೇಳಿದ್ರಿ?”

ಮಸಾಲೆ ದೋಸೆ ಎಂದರು. ಮಸಾಲೆ ದೋಸೆ ಎಂದರು. ಪೊಂಗಲ್ ಎಂದರು. ಮಸಾಲೆ ದೋಸೆ, ಆದರೆ ಎಣ್ಣೆ ಕಡಿಮೆ ಎಂದರು. ಕೊನೆಗೊಂದು ದಿನ ವೈದ್ಯನಾಥನ್ ಮಾಮನೇ ಸಂಕೋಚದಿಂದ ಬಂದು ನಿಂತರು.

“ಬಾಬು, ನನಗೂ ಮರೆವು ಜಾಸ್ತಿ. ಒಂದು ವೇಳೆ ಆ ಕಾರು ನನ್ನದೇ ಇರಬಹುದಾ?”

“ನಿಮಗೆ ಡ್ರೈವಿಂಗ್ ಗೊತ್ತುಂಟಾ ಮಾಮ?”

“ಅದನ್ನೂ ಮರೆತಿರಬಹುದು.”

ಆಮ್ಲೆಟ್ ಎಂದವರು ಒಬ್ಬರೂ ಇಲ್ಲ. ಉಡುಪಿ ಹೋಟೆಲಿನಲ್ಲಿ ಕೂತು ಆಮ್ಲೆಟ್ ಕೇಳಿದೆ ಎಂದು ಸುಳ್ಳು ಹೇಳುವಷ್ಟು ಕಲ್ಪನಾಶಕ್ತಿ ಚೆನ್ನೈಯಲ್ಲಿ ಯಾರಿಗೂ ಇರಲಿಲ್ಲ. ಸಾಲು ಕರಗಿತು. ಮೊಳೆ ಮೊಳೆಯಾಗಿಯೇ ಉಳಿಯಿತು. ಬಾಬುವಿನ ಊಟ ಸಪ್ಲೈಯರುಗಳ ಮೇಜಿನಲ್ಲಿಯೇ ನಡೆಯಿತು.

ಒಂದು ಮಧ್ಯಾಹ್ನ ಹೋಟೆಲು ಖಾಲಿಯಿದ್ದ ಹೊತ್ತಿನಲ್ಲಿ ಕತ್ತರಿಸಿದ ಬಿಳಿಗೂದಲಿನ, ಹತ್ತಿ ಸೀರೆಯ ಹೆಂಗಸೊಬ್ಬರು ಬಂದು ಮೂಲೆಯ ಮೇಜಿನಲ್ಲಿ ಕೂತರು. ಪುದುಚೇರಿಯವರಂತೆ, ಕ್ಲೆಮೆಂತಿನ್ ಅಂತ ಹೆಸರು, ಶಾಲೆಯಲ್ಲಿ ಟೀಚರ್ ಆಗಿದ್ದವರು, ಕಾರಿನ ಸುದ್ದಿ ಯಾರೋ ಹೇಳಿ ಬಂದವರು. ತಮಿಳಿನಲ್ಲಿ, ಬಹಳ ಮೆಲ್ಲಗೆ ಕೇಳಿದರು.

“ನಮ್ಮ ತಾತ ಡಾಕ್ಟರ್ ಸವರಿಮುತ್ತು. ಅವರ ಕಾರು ಇಲ್ಲಿದೆಯಾ?”

ಬಾಬು ಗಲ್ಲಾದ ಮೇಲಿಂದ ಮುಂದೆ ಬಗ್ಗಿದ. “ಆ ದಿನ ಅವರು ತಿನ್ಲಿಕ್ಕೆ ಎಂತ ಕೇಳಿದ್ರು, ಅಮ್ಮ?”

ಆಕೆ ನಾಚಿದರು. “ಹೇಳಬಾರದು, ನಿಮ್ಮದು ಸೈವ ಹೋಟೆಲು, ಮೊಟ್ಟೆ ಮುಟ್ಟದವರು. ತಾತ ಆಮ್ಲೆಟ್ ಕೇಳಿದ್ದರಂತೆ. ಬರ್ತದೆ ಅಂತ ಕೂರಿಸಿದರಂತೆ. ಬರಲಿಲ್ಲ.”

ಬಾಬು ಕುರ್ಚಿಯಿಂದ ಎದ್ದುನಿಂತ. “ಉಂಟು!” ಎಂದ. “ಕಾರು ಉಂಟು ಅಮ್ಮ! ಕೂತ್ಕೊಳ್ಳಿ!”

ಆಕೆಯ ಮುಖ ಅರಳಲಿಲ್ಲ. ಬಾಡಿತು. ಚೀಲ ಎತ್ತಿಕೊಂಡರು.

“ಗೊತ್ತು ಸಾರ್. ತಾತನಿಗೂ ಹೀಗೇ ಆಯಿತು. ಮಾರನೇ ವಾರ ರಿಪೇರಿಯವನನ್ನು ಕರೆದುಕೊಂಡು ಬಂದರು, ರೈಲಿಳಿದು ಹಳಿಯ ಆ ಕಡೆ ಹೋಗಿಬಿಟ್ಟರು, ಟಿ. ನಗರಕ್ಕೆ. ಅವರಿಗೆ ದಿಕ್ಕು ತಿಳಿಯುತ್ತಿರಲಿಲ್ಲ. ಎಲ್ಲಿ ನೋಡಿದರೂ ಉಡುಪಿ ಹೋಟೆಲು, ಎಲ್ಲದಕ್ಕೂ ಕೃಷ್ಣನ ಹೆಸರು. ಒಂದೊಂದರಲ್ಲೂ ಹೋಗಿ, ನನ್ನ ಕಾರು ಇದೆಯಾ ಅಂತ ಕೇಳಿದರು. ಎಲ್ಲರೂ ‘ಇದೆ ಸಾರ್, ಬರ್ತದೆ, ಕೂತ್ಕೊಳ್ಳಿ’ ಅಂದರು. ಎಲ್ಲರೂ ಕಾಫಿ ಕೊಟ್ಟರು. ಎಷ್ಟೋ ವರ್ಷ ಹಾಗೆ ಕಾಫಿ ಕುಡಿದು ಕುಡಿದು ಊರಿಗೆ ವಾಪಸು ಬಂದರು. ನೀವೂ ಹಾಗೇ...”

ವಿಧಿ ಎನ್ನಬೇಕೋ ವೃತ್ತಿ ಎನ್ನಬೇಕೋ, ಸರಿಯಾಗಿ ಆ ಹೊತ್ತಿಗೆ, ಕೂತವರಿಗೆ ಕೊಡಬೇಕಾದ ಪದ್ಧತಿಯಂತೆ, ಸರಸ ಡಬರಾ ಲೋಟದಲ್ಲಿ ಹೊಗೆಯಾಡುವ ಕಾಫಿ ತಂದು ಮೇಜಿನ ಮೇಲಿಟ್ಟಳು.

ಕ್ಲೆಮೆಂತಿನ್ ಕಾಫಿಯನ್ನು ನೋಡಿದರು. ಸಣ್ಣಗೆ ನಕ್ಕರು. ಕಣ್ಣಲ್ಲಿ ನೀರು ತುಂಬಿಕೊಂಡು ಎದ್ದು ಬಾಗಿಲ ಕಡೆ ನಡೆದರು.

ಬಾಬು ಗಲ್ಲಾ ಹಾರಿದ. ಮೇಜಿನ ಮೇಲಿನ ಕಾಫಿಯನ್ನು ಎತ್ತಿಕೊಂಡು, ಅದು ಕೈಗೆಲ್ಲ ಚೆಲ್ಲಿ ಸುಡುತ್ತಿದ್ದರೂ ಬಿಡದೆ, ಬಾಗಿಲಿಗೆ ಅಡ್ಡ ನಿಂತು, ರೈಲ್ವೆ ಸ್ಟೇಷನ್ನಿಗೆ ಕೇಳಿಸುವಂತೆ ಕೂಗಿದ:

“ಕಾಫಿ ಇಲ್ಲ! ಅಮ್ಮ, ಕಾಫಿ ಇಲ್ಲ! ಕಾರು ಉಂಟು!”

ಕಾಫಿ ಕೈಯಲ್ಲಿ ಹಿಡಿದು ಕಾಫಿ ಇಲ್ಲ ಎಂದ ಮನುಷ್ಯನನ್ನು ಆಕೆ ಹಿಂದೆಂದೂ ಕಂಡಿರಲಿಲ್ಲ. ಉಡುಪಿ ಹೋಟೆಲುಗಳು ಹುಟ್ಟಿದಮೇಲೆ ಯಾರೂ ಕಂಡಿರಲಿಲ್ಲ. ಆಕೆ ನಿಂತರು. ಸರಸ ಮೆಲ್ಲನೆ ಅವರ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದಳು.

ಶೆಡ್ಡಿನಲ್ಲಿ ಆಕೆ ಬಹಳ ಹೊತ್ತು ಕಾರಿನ ಮೂತಿಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಆಮೇಲೆ ಬಾಗಿಲು ತೆರೆದು, ಮೂಗು ಸಿಂಡರಿಸಿ, “ಇದೇನು ವಾಸನೆ?” ಎಂದರು.

“ದೋಸೆ ಹಿಟ್ಟು ಅಮ್ಮ,” ಎಂದ ಬಾಬು. “ಅದು ನನ್ನ ತಪ್ಪು.”

ಹೊರಗೆ ಬರುವಷ್ಟರಲ್ಲಿ ಅಕ್ಕು ಅತ್ತೆ ಗೋಡೆ ಹಿಡಿದುಕೊಂಡು ಮಹಡಿ ಇಳಿದು ಅಡುಗೆಮನೆ ಸೇರಿಯಾಗಿತ್ತು. ಎಷ್ಟೋ ವರ್ಷಗಳ ಹಿಂದೆ ಕಲಸಬೇಕಾಗಿದ್ದ ಕಡಲೆಹಿಟ್ಟು ಆ ದಿನ ಕಾವಲಿಗೆ ಬಿತ್ತು. ಟೊಮೆಟೊ, ನೀರುಳ್ಳಿ, ಹಸಿಮೆಣಸು, ಅಂಚಿನಲ್ಲಿ ತುಪ್ಪ. ಕ್ಲೆಮೆಂತಿನ್ ಒಂದು ತುಣುಕು ಬಾಯಿಗಿಟ್ಟು, “ಇದು ಆಮ್ಲೆಟ್ಟಾ?” ಎಂದು ಕೇಳಿದರು.

ಬಾಬು ಒಂದು ಸಲ ಬರೀ ಮೊಳೆಯನ್ನು ನೋಡಿದ.

“ಅಲ್ಲ ಅಮ್ಮ,” ಎಂದ.

ಆಕೆ ತಟ್ಟೆ ಪೂರ್ತಿ ಖಾಲಿ ಮಾಡಿ ಇನ್ನೊಂದು ಕೇಳಿದರು.

ಕಾರು ಲಾರಿಯ ಬೆನ್ನೇರಿ ಪುದುಚೇರಿಗೆ ಹೊರಟ ದಿನ ಸತ್ಯಾತ್ಮ ಗಲ್ಲಿಯ ತುದಿಯವರೆಗೆ ಲಾರಿಯ ಹಿಂದೆ ನಡೆದುಹೋದರು. ಮಾರುವುದಿಲ್ಲ, ತಾತನ ಮನೆಯ ಅಂಗಳದಲ್ಲಿ ಇಡುತ್ತೇನೆ ಎಂದು ಆಕೆ ಹೇಳಿದ್ದರಿಂದ ಬೆಲೆಯ ಮಾತು ಅಲ್ಲಿಗೆ ಮುಗಿಯಿತು. ಮರುದಿನ ಬೆಳಿಗ್ಗೆ ಬಾಬು ಹೋಟೆಲಿನ ಬಾಗಿಲು ತೆರೆದಾಗ ಮಾವ ಗಂಧದ ಹಾರ ಹಾಕಿಕೊಂಡು ತಮ್ಮ ಮೊಳೆಗೆ ಬಂದು ಕೂತಿದ್ದರು. ಗಲ್ಲಾದ ಮೇಲೆ, ಬಾಳೆಲೆ ಮುಚ್ಚಿದ ತಟ್ಟೆಯಲ್ಲಿ, ಸರಸ ಅವನಿಗೆಂದು ಇಟ್ಟ ತಿಂಡಿ ಇತ್ತು. ಬಾಬು ತಟ್ಟೆಯ ಮುಂದೆ ಕೂತು ಸ್ವಲ್ಪ ಹೊತ್ತು ಅತ್ತ.

ಎಂಟು ಗಂಟೆಯ ಸುಮಾರಿಗೆ ವೈದ್ಯನಾಥನ್ ಮಾಮ ಬಂದು ದೋಸೆ ತರಿಸಿಕೊಂಡರು. ಒಂದು ತುತ್ತು ತಿಂದು ಹುಬ್ಬು ಗಂಟಿಕ್ಕಿದರು. ಇನ್ನೊಂದು ತಿಂದರು.

“ಬಾಬು, ಏನೋ ಕಮ್ಮಿ ಇದೆಯಲ್ಲಪ್ಪ. ಆ ಹಳೇ ರುಚಿ ಇದೆಯಾ ಇದರಲ್ಲಿ?”

ಬಾಬುವಿನ ನಾಲಿಗೆಯ ತುದಿಗೆ ‘ಉಂಟು’ ಬಂದು ನಿಂತಿತು. ಅವನ ಬೋಳು ನೆತ್ತಿ ಚುರ್ ಎಂದಿತು.

“ಇಲ್ಲ ಮಾಮ,” ಎಂದ. “ಅದು ಪಾಂಡಿಚೇರಿಗೆ ಹೋಯ್ತು.”